ಬಿಎಸ್ಸಿ ಓದುತ್ತಲೇ ಪಶುವೈದ್ಯಕೀಯಕ್ಕೆ ತಯಾರಿ: ಊರಲ್ಲಿದ್ದುಕೊಂಡು ಏನು ಮಾಡಬಹುದು?

ಮಾಲತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ, ಪ್ರಾಣಿಶಾಸ್ತ್ರ ಮತ್ತು ರಸಾಯನಶಾಸ್ತ್ರ. ಊರು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಮನೆಯಲ್ಲಿ ಅಡಿಕೆ ತೋಟ ಇದೆ. ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳು, ಜೊತೆಗೆ ಒಂದು ಜರ್ಸಿ ಕ್ರಾಸ್.

ದನದ ಡಾಕ್ಟರ್ ಆಗಬೇಕು ಅನ್ನೋದು ಹೈಸ್ಕೂಲಿನಿಂದ ಇರುವ ಆಸೆ. ಪಿಯುಸಿ ಮುಗಿದಾಗ ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸೀಟು ಸಿಗಲಿಲ್ಲ. ಒಂದು ವರ್ಷ ಸುಮ್ನೆ ಕೂರೋದು ಬೇಡ ಅಂತ ಮನೆಯಲ್ಲಿ ಹೇಳಿದರು, ಡಿಗ್ರಿ ಸೇರಿದೆ. ಆಸೆ ಮಾತ್ರ ಹೋಗಿಲ್ಲ. ಚರ್ಮಗಂಟು ರೋಗ ಬಂದಾಗ ನಮ್ಮ ಮನೆಯ ಒಂದು ಕರು ಹೋಯಿತು. ಮೈತುಂಬ ಗಂಟು, ಕಾಲು ಊದಿ ಏಳೋಕೇ ಆಗುತ್ತಿರಲಿಲ್ಲ. ಅದರ ಪಕ್ಕ ಕೂತು ಅರಿಶಿನ, ಬೇವಿನ ಸೊಪ್ಪು ಅರೆದು ಹಚ್ಚುತ್ತಿದ್ದೆ. ಒಳಗೆ ಏನಾಗುತ್ತಿದೆ ಅಂತ ಗೊತ್ತಾಗಬೇಕು ಅನ್ನೋ ಹಟ ಆವತ್ತಿನಿಂದ ಜಾಸ್ತಿ ಆಯಿತು.

ಅಮೆರಿಕದಲ್ಲಿರುವ ಚಿಕ್ಕಮ್ಮ ಹೇಳುತ್ತಾರೆ, ಅಲ್ಲಿ ಪಶುವೈದ್ಯಕೀಯ ಸೇರುವುದೇ ಡಿಗ್ರಿ ಓದಿದ ಮೇಲೆ, ಹಾಗಾಗಿ ಡಿಗ್ರಿ ದಂಡ ಆಗಲ್ಲ ಅಂತ. ಆದರೆ ಅರ್ಜಿ ಹಾಕಲು ಡಾಕ್ಟರ ಜೊತೆ ಕೆಲಸ ಮಾಡಿದ ಅನುಭವ ಇರಲೇಬೇಕಂತೆ, ಗಂಟೆ ಲೆಕ್ಕದಲ್ಲಿ ಬರೆಯಬೇಕಂತೆ. ಇಲ್ಲಿ ಅಂಥದ್ದನ್ನು ಎಲ್ಲಿ ಮಾಡೋದು? ನಮ್ಮ ಮನೆ ದನ ನೋಡಿಕೊಂಡದ್ದು ಲೆಕ್ಕಕ್ಕೆ ಬರುತ್ತದಾ? ಈಗ ಮತ್ತೆ ಇಲ್ಲಿನ ಬಿವಿಎಸ್ಸಿಗೆ (ಪಶುವೈದ್ಯ ಪದವಿಗೆ) ಪ್ರಯತ್ನ ಮಾಡಬಹುದಾ, ಅಥವಾ ಕಾಲ ಮೀರಿದೆಯಾ? ಸಕ್ರೆಬೈಲು ಆನೆ ಬಿಡಾರದಲ್ಲಿ ಸ್ವಲ್ಪ ದಿನ ಇದ್ದರೆ ಅರ್ಜಿಗೆ ತೂಕ ಬರುತ್ತದೆ ಅಂತ ಗೆಳತಿ ಹೇಳಿದಳು. ಅದು ನಿಜವಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಭದ್ರಾವತಿ ಹುಡುಗ

ನಾನು ಈಗ ಬಿವಿಎಸ್ಸಿ ಓದುತ್ತಿದ್ದೇನೆ. ನಿಮ್ಮ ಹಾಗೆಯೇ ಮೊದಲು ಬಿಎಸ್ಸಿಗೆ ಸೇರಿ, ಅದನ್ನು ಓದುತ್ತಲೇ ಸಿಇಟಿ ಮತ್ತೆ ಬರೆದು ಬಂದವನು. ಹಾಗಾಗಿ ಇಲ್ಲಿನ ದಾರಿ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ಬಿವಿಎಸ್ಸಿಗೆ ಡಿಗ್ರಿ ಅಂಕ ಕೇಳುವುದಿಲ್ಲ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇವೇ ಮುಖ್ಯ. ಸಿಇಟಿಯಲ್ಲಿ ಪಶುವೈದ್ಯಕೀಯಕ್ಕೆ ಬೇರೆಯೇ ರ‍್ಯಾಂಕ್ ಪಟ್ಟಿ ಬರುತ್ತದೆ, ನಿಮಗೆ ಗೊತ್ತೇ ಇರುತ್ತದೆ. ಇದರ ಜೊತೆಗೆ ಪ್ರತಿ ಕಾಲೇಜಿನ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ನೀಟ್ ಅಂಕದ ಮೇಲೆ ಭಾರತೀಯ ಪಶುವೈದ್ಯಕೀಯ ಪರಿಷತ್ತು ತುಂಬುತ್ತದೆ. ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಬೇಕು. ನೀಟ್ ಬರೆದೂ ಈ ನೋಂದಣಿ ಮಾಡದೆ ಬಿಟ್ಟವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ನೀವು ಬಿಡಬೇಡಿ.

ಅಪ್ಪನ ಹೆಸರಿನಲ್ಲಿ ಜಮೀನು ಇದೆಯಲ್ವಾ? ಕೃಷಿಕರ ಕೋಟಾದ ನಿಯಮ ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಓದಿಕೊಳ್ಳಿ. ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ತೋಟ, ಕೊಟ್ಟಿಗೆ ನೋಡಿ ಬೆಳೆದವರಿಗೆ ಅದು ಕಷ್ಟ ಆಗಲ್ಲ. ಪ್ರಮಾಣಪತ್ರಗಳನ್ನು ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ನಾಡಕಚೇರಿಯಲ್ಲಿ ಕೊನೆ ಗಳಿಗೆಯಲ್ಲಿ ನೂಕುನುಗ್ಗಲು.

ನಮ್ಮ ರಾಜ್ಯದಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ, ಅಥಣಿ ಹೀಗೆ ಸರ್ಕಾರಿ ಕಾಲೇಜುಗಳಿವೆ, ಎಲ್ಲವೂ ಬೀದರಿನ ವಿಶ್ವವಿದ್ಯಾಲಯದ ಕೆಳಗೆ. ಮನೆ ಹತ್ತಿರ ಅಂತ ಶಿವಮೊಗ್ಗ ಒಂದನ್ನೇ ಆಯ್ಕೆ ಪಟ್ಟಿಯಲ್ಲಿ ಹಾಕಬೇಡಿ. ಓದು ಒಟ್ಟು ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಡಿಗ್ರಿ ಎರಡನೇ ವರ್ಷದಲ್ಲಿ ಇದ್ದೀರಿ ಅಂದರೆ ವಯಸ್ಸು ಏನೂ ಆಗಿಲ್ಲ. ನನ್ನ ತರಗತಿಯಲ್ಲಿ ನಿಮಗಿಂತ ದೊಡ್ಡವರು ಇದ್ದಾರೆ.

ಡಾಕ್ಟ್ರಮ್ಮ, ಹೊಸನಗರ

ತಂಗಿ, ನಾನು ಹೊಸನಗರ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಸೀಟಿನ ವಿಷಯ ಭದ್ರಾವತಿಯವರು ಸರಿಯಾಗಿ ಹೇಳಿದ್ದಾರೆ. ನಾನು ಅನುಭವದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಒಬ್ಬರು ಡಿಗ್ರಿ ಮಕ್ಕಳು ಬಂದು "ಮೇಡಂ, ಒಂದು ಸರ್ಟಿಫಿಕೇಟ್ ಕೊಡ್ತೀರಾ" ಅಂತ ಕೇಳುತ್ತಾರೆ. ಸರ್ಟಿಫಿಕೇಟ್ ಕೊಡೋದು ನನಗೆ ಐದು ನಿಮಿಷದ ಕೆಲಸ. ಅದರಿಂದ ಅವರಿಗೆ ಏನೂ ಸಿಗಲ್ಲ. ನೀನು ಹಾಗೆ ಕೇಳಲಿಲ್ಲ, ಎಲ್ಲಿ ಮಾಡೋದು ಅಂತ ಕೇಳಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಹೋಗು. ಬೆಳಿಗ್ಗೆ ಬೇಗ ಹೋಗು, ದನ ಹೊಡೆದುಕೊಂಡು ಬರುವವರು ಆಗಲೇ ಬರುವುದು. ಡಾಕ್ಟರ ಹತ್ತಿರ ನೇರವಾಗಿ ಹೇಳು: "ನಾನು ಹೀಗೆ ಓದ್ತಾ ಇದ್ದೇನೆ, ರಜೆಯಲ್ಲಿ ನಿಮ್ಮ ಜೊತೆ ನಿಂತು ನೋಡಬಹುದಾ, ಹೇಳಿದ ಕೆಲಸ ಮಾಡ್ತೇನೆ." ನಮ್ಮಲ್ಲಿ ಸಿಬ್ಬಂದಿ ಯಾವಾಗಲೂ ಕಡಿಮೆ. ದನ ಹಿಡಿಯಲು, ರಿಜಿಸ್ಟರ್ ಬರೆಯಲು, ಲಸಿಕೆ ಡಬ್ಬಿಗೆ ಐಸ್ ತುಂಬಲು ಒಂದು ಕೈ ಸಿಕ್ಕರೆ ಬೇಡ ಅನ್ನುವ ಡಾಕ್ಟರ್ ಅಪರೂಪ. ಮೊದಲ ವಾರ ಬರೀ ದನ ನಿಲ್ಲಿಸುವ ಚೌಕಟ್ಟಿಗೆ, ಅಂದರೆ ಟ್ರೆವಿಸ್‌ಗೆ ದನ ಹತ್ತಿಸುವುದೇ ಆಗಬಹುದು. ಅದನ್ನೂ ಕಲಿಯಬೇಕಾದದ್ದೇ. ಹೊಸ ಜಾಗಕ್ಕೆ ಬಂದ ದನ ಎಲ್ಲಿ ನೋಡುತ್ತದೆ, ಕಿವಿ ಹೇಗಿಡುತ್ತದೆ, ಯಾವ ಕಡೆಯಿಂದ ಒದೆಯುತ್ತದೆ ಅಂತ ಗೊತ್ತಾಗದೆ ಥರ್ಮಾಮೀಟರ್ ಇಡೋದಕ್ಕೂ ಆಗಲ್ಲ.

ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸಮಯದಲ್ಲಿ ಮನೆಮನೆಗೆ ಹೋಗುತ್ತೇವೆ. ಆಗ ತಂಡದ ಜೊತೆ ನಡೆ. ಒಂದೇ ದಿನದಲ್ಲಿ ನೀನು ನೋಡುವಷ್ಟು ಕೊಟ್ಟಿಗೆ ಬೇರೆ ಯಾವಾಗಲೂ ನೋಡಲು ಸಿಗಲ್ಲ. ಯಾರ ಮನೆಯಲ್ಲಿ ದನಕ್ಕೆ ಹಾಸಿದ ದರಗು (ಒಣ ಎಲೆ) ಒದ್ದೆಯಾಗಿದೆ, ಯಾರ ಮನೆ ಎಮ್ಮೆಯ ಗೊರಸು ಬೆಳೆದಿದೆ, ಯಾರು ಹಿಂಡಿ ಜಾಸ್ತಿ ಹಾಕಿ ದನದ ಹೊಟ್ಟೆ ಉಬ್ಬರಿಸಿದ್ದಾರೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಮೇವಿಲ್ಲದೆ ಲಂಟಾನ ತಿಂದ ದನ ನೋಡುತ್ತೀಯ. ಕಣ್ಣು ಹಳದಿ, ಬಿಸಿಲಿಗೆ ಮೂತಿಯ ಚರ್ಮ ಸುಲಿದಿರುತ್ತದೆ. ಪಿತ್ತಕೋಶ, ಯಕೃತ್ತು ಅಂತ ತರಗತಿಯಲ್ಲಿ ಓದಿದ್ದು ಆಗ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಒಂದು ಕೇಸ್ ಹೇಳುತ್ತೇನೆ. ನಮ್ಮ ತಾಲ್ಲೂಕಿನ ನಗರ ಅನ್ನುವ ಊರಿನ ಕಡೆ ಒಂದು ಮನೆಯಿಂದ ಫೋನ್ ಬಂತು, ದನ ಈಯಲು ಆಗ್ತಾ ಇಲ್ಲ ಅಂತ. ನನ್ನ ಜೊತೆ ಆಗ ಡಿಗ್ರಿ ಓದುವ ಹುಡುಗಿ ಒಬ್ಬಳು ಓಡಾಡುತ್ತಿದ್ದಳು, ಅವಳೂ ಬಂದಳು. ಮೊದಲ ಸೂಲಿನ ಗಿಡ್ಡ ಕಡಸು, ಸೊಂಟದ ಎತ್ತರವೂ ಇಲ್ಲ. ಹಾಲಿನಾಸೆಗೆ ಜರ್ಸಿ ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸಿದ್ದರು. ಕರು ದೊಡ್ಡದು, ದಾರಿ ಚಿಕ್ಕದು. ನೀರ್ಚೀಲ ಒಡೆದು ತುಂಬ ಹೊತ್ತಾಗಿತ್ತು. ಎರಡು ಮುಂಗಾಲು ಹೊರಗೆ ಬಂದಿವೆ, ಮೂತಿ ಕಾಣುತ್ತಿಲ್ಲ. ಮನೆಯವರು ಕಾಲಿಗೆ ಹಗ್ಗ ಕಟ್ಟಿ ಎಳೆಯಲು ಶುರು ಮಾಡಿದ್ದರು. ಮೊದಲು ಅದನ್ನು ನಿಲ್ಲಿಸಿದೆ. ಕೈ ತೊಳೆದು, ಎಣ್ಣೆ ಸವರಿ ಒಳಗೆ ಹಾಕಿ ನೋಡಿದರೆ ತಲೆ ಪಕ್ಕೆಯ ಕಡೆಗೆ ತಿರುಗಿ ಮಡಚಿಕೊಂಡಿದೆ. ಹಾಗೇ ಎಳೆದಿದ್ದರೆ ಕರುವೂ ಹೋಗುತ್ತಿತ್ತು, ತಾಯಿಯೂ ಹರಿದು ಹೋಗುತ್ತಿತ್ತು. ದನ ತಿಣುಕುವುದು ನಿಂತಾಗ ಕರುವನ್ನು ಒಳಕ್ಕೆ ತಳ್ಳಬೇಕು, ಜಾಗ ಸಿಕ್ಕ ಕೂಡಲೇ ದವಡೆಗೆ ಬೆರಳು ಹಾಕಿ ತಲೆ ನೇರ ಮಾಡಬೇಕು. ಆಮೇಲೆ ಗೆಣ್ಣಿನ ಮೇಲೆ ಕುಣಿಕೆ, ದನ ತಿಣುಕಿದಾಗ ಮಾತ್ರ ಎಳೆತ. ಬಿಟ್ಟಾಗ ನಾವೂ ಬಿಡಬೇಕು.

ಅವಳು ಬ್ಯಾಟರಿ ಹಿಡಿದು ನಿಂತಿದ್ದಳು. ಕರು ಹೊರಗೆ ಬಂದಾಗ ಉಸಿರಿಲ್ಲ. ಬಾಯಿಯ ಲೋಳೆ ತೆಗೆದು, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸು ಅಂದೆ. ಆಡಿಸಿದಳು. ಕರು ಸೀನಿತು. ಒಣ ಗೋಣಿಯಲ್ಲಿ ಮೈ ತಿಕ್ಕಿದಳು, ಹೊಕ್ಕುಳಿಗೆ ಅಯೋಡಿನ್ ಹಚ್ಚಿದಳು. ಗಿಣ್ಣುಹಾಲು ಕುಡಿಸುವವರೆಗೆ ಅಲ್ಲಿಂದ ಕದಲಲಿಲ್ಲ.

ನನಗೆ ಅವಳ ಮೇಲೆ ನಂಬಿಕೆ ಬಂದದ್ದು ಅದರ ನಂತರ. ಮರುದಿನ ಒಂದು ನೋಟ್‌ಬುಕ್ ತಂದು ತೋರಿಸಿದಳು. ನೋವು ಯಾವಾಗ ಶುರುವಾಯಿತು ಅಂತ ಮನೆಯವರನ್ನು ಕೇಳಿ ಬರೆದುಕೊಂಡಿದ್ದಳು. ಕರುವಿನ ತಲೆ ಯಾವ ಕಡೆ ತಿರುಗಿತ್ತು ಅಂತ ಚಿತ್ರ ಬಿಡಿಸಿದ್ದಳು. ಕೆಳಗೆ ಒಂದು ಪ್ರಶ್ನೆ: "ಗಿಣ್ಣುಹಾಲಿಗೆ ಇಷ್ಟು ಅವಸರ ಯಾಕೆ? ಸಂಜೆ ಕುಡಿಸಿದರೆ ಏನಾಗುತ್ತದೆ?" ಅದಕ್ಕೆ ಉತ್ತರ ಹೇಳಲು ನನಗೆ ಖುಷಿಯಾಯಿತು. ದನದ ಹೊಟ್ಟೆಯಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ದಾಟುವುದಿಲ್ಲ. ಗಿಣ್ಣಿನಲ್ಲೇ ಸಿಗಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಇದು ನಿನ್ನ ಪಠ್ಯದಲ್ಲೂ ಇದೆ. ಕೊಟ್ಟಿಗೆಯಲ್ಲಿ ಪ್ರಶ್ನೆ ಹುಟ್ಟಿದ ಮೇಲೆ ಓದಿದರೆ ಮರೆಯುವುದಿಲ್ಲ.

ಅರ್ಜಿ ಅಮೆರಿಕದ್ದಿರಲಿ, ಇಲ್ಲಿನದಿರಲಿ, ನನಗೆ ಗೊತ್ತಿರುವ ಹಾಗೆ ಒಳ್ಳೆಯ ತಯಾರಿ ಇದೇ. ಕಂಡದ್ದನ್ನು ಕಂಡ ಹಾಗೆ ಬರೆದಿಡು, ಗೊತ್ತಾಗದ್ದನ್ನು ಕೇಳು.

ಆರೋಗ್ಯದ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಆಸ್ಪತ್ರೆಗೆ ಕಾಲಿಡುವ ಮೊದಲು ಹುಚ್ಚುನಾಯಿ ರೋಗದ ಮುಂಜಾಗ್ರತೆ ಲಸಿಕೆ ಹಾಕಿಸಿಕೊ. ನಾಯಿ ಮುಟ್ಟಲ್ಲ, ನನಗೇಕೆ ಅನ್ನಬೇಡ. ರೇಬಿಸ್ ಬಂದ ದನ ಎಷ್ಟೋ ಸಲ ಕಚ್ಚುವುದೇ ಇಲ್ಲ, ಜೊಲ್ಲು ಸುರಿಸುತ್ತಾ ಮೇವು ನುಂಗಲಾರದೆ ನಿಂತಿರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯೊಳಗೆ ಕೈ ಹಾಕಿರುತ್ತಾರೆ. ನೀನು ಹಾಕಬೇಡ. ಎರಡನೆಯದು, ಕಂದು ಹಾಕಿದ (ಗರ್ಭ ಇಳಿದ) ದನದ ಕಂದು, ಕಸ (ಮಾಸು) ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡ. ದನ ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ, ತಿಂಗಳುಗಟ್ಟಲೆ ಜ್ವರ, ಕೀಲುನೋವು ಬಿಡದು. ಬ್ರುಸೆಲ್ಲಾ ಲಸಿಕೆ ಹಾಕುವಾಗ ಸಿರಿಂಜು ತುಂಬಿಸುವ ಕೆಲಸಕ್ಕೆ ನೀನು ಹೋಗಬೇಡ, ಅದು ಜೀವಂತ ಲಸಿಕೆ, ಸೂಜಿ ಚುಚ್ಚಿದರೂ ಅಪಾಯ.

ಮೂರನೆಯದು ನಮ್ಮೂರಿನದೇ. ಮಂಗನ ಕಾಯಿಲೆ, ಉಣುಗು ಕಚ್ಚಿ ಬರುವುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದದ್ದು, ಜಗತ್ತಿಡೀ ಆ ಕಾಡಿನ ಹೆಸರಿನಲ್ಲೇ ಕರೆಯುತ್ತದೆ. ಚಳಿಗಾಲ ಕಳೆಯುತ್ತಿದ್ದ ಹಾಗೆ ಉಣುಗು ಜಾಸ್ತಿ. ಕಾಡಿಗೆ ಹೋದ ದನದ ಮೈ ಮುಟ್ಟುವ ಮೊದಲು ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊ, ಪ್ಯಾಂಟಿನ ತುದಿ ಗಂಬೂಟಿನೊಳಗೆ ತುರುಕು, ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ ಬಟ್ಟೆ ತೊಳೆಯಲು ಹಾಕು. ಈ ರೋಗದಿಂದ ದನ ಕಾಯಿಲೆ ಬೀಳುವುದಿಲ್ಲ. ಆದರೆ ದನದ ರಕ್ತ ಕುಡಿದೇ ಉಣುಗಿನ ಸಂತತಿ ಬೆಳೆಯುವುದು, ಅದು ನಮ್ಮ ಮನೆಯಂಗಳಕ್ಕೆ ಬರುವುದೂ ದನದ ಮೈಮೇಲೆ. ಮಂಗ, ಉಣುಗು, ದನ, ಮನುಷ್ಯ ಎಲ್ಲ ಒಂದೇ ಸರಪಳಿ. ನೀನು ಹುಟ್ಟಿ ಬೆಳೆದ ಜಾಗದ ಈ ವಿಷಯವನ್ನು ಚೆನ್ನಾಗಿ ಓದಿಕೊ. ನಿನ್ನ ಡಿಗ್ರಿಯ ಪ್ರಾಜೆಕ್ಟಿಗೂ ಆಗುತ್ತದೆ. ಉಣುಗಿನ ಜಾತಿ ಗುರುತಿಸುವ ಕೆಲಸ ಪ್ರಾಣಿಶಾಸ್ತ್ರದವರದ್ದೇ ಅಲ್ವಾ.

ಆನೆ ಬಿಡಾರದ ವಿಷಯ. ಅದು ಅರಣ್ಯ ಇಲಾಖೆಯದು. ಅನುಮತಿ ಇಲ್ಲದೆ ಆಗಲ್ಲ, ಸಿಕ್ಕರೂ ದೂರದಿಂದ ನೋಡುವುದೇ ಹೆಚ್ಚು. ಸಿಕ್ಕರೆ ಹೋಗು. ಆದರೆ ಮೊದಲು ಆಸ್ಪತ್ರೆ, ಆಮೇಲೆ ಆನೆ.

ಸಾಗರದವ, ಈಗ ಅಮೆರಿಕ

ನಾನು ಇಲ್ಲಿ ಡಿವಿಎಂ, ಅಂದರೆ ಇಲ್ಲಿನ ಪಶುವೈದ್ಯ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ಡಾಕ್ಟ್ರಮ್ಮ ಅವರು ಬರೆದದ್ದನ್ನು ಓದಿ, ಅರ್ಜಿ ಹಾಕುವ ಮೊದಲು ನನಗೆ ಇದನ್ನು ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಅಮೆರಿಕದಲ್ಲಿ ಬಹುತೇಕ ಕಾಲೇಜುಗಳಿಗೆ ವಿಎಂಸಿಎಎಸ್ ಅನ್ನುವ ಒಂದೇ ಜಾಲತಾಣದ ಮೂಲಕ ಅರ್ಜಿ. ಜನವರಿಯಲ್ಲಿ ತೆರೆಯುತ್ತದೆ, ಸೆಪ್ಟೆಂಬರ್ ನಡುವಿನಲ್ಲಿ ಮುಚ್ಚುತ್ತದೆ. ತರಗತಿ ಶುರುವಾಗುವುದು ಮುಂದಿನ ವರ್ಷದ ಆಗಸ್ಟ್ ಹೊತ್ತಿಗೆ. ಅಂದರೆ ಒಂದು ವರ್ಷ ಮೊದಲೇ ಎಲ್ಲ ಸಿದ್ಧ ಇರಬೇಕು.

ಅನುಭವವನ್ನು ಅಲ್ಲಿ ಬೇರೆಬೇರೆ ಕಟ್ಟು ಮಾಡಿ ಕೇಳುತ್ತಾರೆ. ಪಶುವೈದ್ಯರ ಕೈಕೆಳಗೆ ಮಾಡಿದ್ದು ಒಂದು. ವೈದ್ಯರಿಲ್ಲದೆ ಪ್ರಾಣಿಗಳ ಜೊತೆ ಮಾಡಿದ್ದು ಇನ್ನೊಂದು, ಮಾಲತಿಯವರೇ, ನಿಮ್ಮ ಕೊಟ್ಟಿಗೆ ಕೆಲಸ ಇಲ್ಲಿ ಬರುತ್ತದೆ. ಹಾಲು ಕರೆದದ್ದು, ಕರು ಸಾಕಿದ್ದು, ಸೊಪ್ಪು ಹಾಸಿದ್ದು ಎಲ್ಲವೂ. ಸಂಶೋಧನೆಗೆ ಮತ್ತೊಂದು ಜಾಗ. ಪ್ರತಿಯೊಂದಕ್ಕೂ ಗಂಟೆ, ಅವಧಿ, ಏನು ಮಾಡಿದಿರಿ ಅನ್ನುವ ವಿವರ, ಮೇಲೆ ನೋಡಿಕೊಂಡವರ ಹೆಸರು ಬೇಕು. ಇಲ್ಲಿನ ಹುಡುಗರು ಹೆಚ್ಚಾಗಿ ನಾಯಿ ಬೆಕ್ಕಿನ ಕ್ಲಿನಿಕ್ಕಿನಿಂದ ಬಂದಿರುತ್ತಾರೆ. ದನದ ಹೆರಿಗೆ ಕಣ್ಣಾರೆ ಕಂಡವರು ತರಗತಿಯಲ್ಲಿ ಕಡಿಮೆ. ನಿಮ್ಮ ಊರಿನ ಅನುಭವ ಸಣ್ಣದು ಅಂತ ಅಂದುಕೊಳ್ಳಬೇಡಿ. ಜೊತೆಗೆ ಶಿವಮೊಗ್ಗದ ವಿನೋಬನಗರದಲ್ಲಿ ಕಾಲೇಜಿನ ಆಸ್ಪತ್ರೆ ಇದೆಯಲ್ಲ, ಅಲ್ಲಿ ಸಾಕುನಾಯಿಗಳೂ ಬರುತ್ತವೆ. ಡಿಗ್ರಿ ತರಗತಿ ಇಲ್ಲದ ದಿನ ಅಲ್ಲೂ ಅನುಮತಿ ಕೇಳಿ ನೋಡಿ. ಬೇರೆಬೇರೆ ಪ್ರಾಣಿ ನೋಡಿದ್ದರೆ ಒಳ್ಳೆಯದು.

ಶಿಫಾರಸು ಪತ್ರ ಸಾಮಾನ್ಯವಾಗಿ ಮೂವರದ್ದು ಬೇಕು, ಅದರಲ್ಲಿ ಒಬ್ಬರಾದರೂ ಪಶುವೈದ್ಯರು ಇರಲಿ. ಪತ್ರವನ್ನು ಅವರೇ ಆನ್‌ಲೈನಿನಲ್ಲಿ ನೇರ ಕಳಿಸಬೇಕು, ನಿಮ್ಮ ಕೈಗೆ ಕೊಡುವ ಹಾಗಿಲ್ಲ.

ವಿಷಯಗಳ ಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಸಾವಯವ ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ, ಭೌತಶಾಸ್ತ್ರ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರ ಬಹಳ ಕಡೆ ಕೇಳುತ್ತಾರೆ, ಇಂಗ್ಲಿಷ್ ಬರವಣಿಗೆಯನ್ನೂ ಕೇಳುತ್ತಾರೆ. ನಿಮ್ಮ ಬಿಎಸ್ಸಿಯಲ್ಲಿ ಭೌತಶಾಸ್ತ್ರ ಇಲ್ಲ ಅಂತ ಕಾಣುತ್ತದೆ. ಇದೇ ದೊಡ್ಡ ತೊಡಕು. ಕೆಲವು ಕಾಲೇಜುಗಳು ಈ ವಿಷಯಗಳನ್ನು ಅಮೆರಿಕದಲ್ಲೋ ಕೆನಡಾದಲ್ಲೋ ಓದಿರಬೇಕು ಅನ್ನುತ್ತವೆ. ಅಂಕಪಟ್ಟಿಯನ್ನು ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಜಿಆರ್‌ಇ ಹೆಚ್ಚಿನ ಕಡೆ ಕೈಬಿಟ್ಟಿದ್ದಾರೆ. ವಿದೇಶದವರನ್ನು ತೆಗೆದುಕೊಳ್ಳದ ಕಾಲೇಜುಗಳೂ ಇವೆ, ಅರ್ಜಿ ಶುಲ್ಕ ಕಟ್ಟುವ ಮೊದಲು ನೋಡಿಕೊಳ್ಳಿ.

ದುಡ್ಡಿನ ಮಾತು. ನಾಲ್ಕು ವರ್ಷಕ್ಕೆ ಬೋಧನಾ ಶುಲ್ಕವೇ ಬಹಳಷ್ಟು ಕಡೆ ಎರಡು ಲಕ್ಷ ಡಾಲರ್ ದಾಟುತ್ತದೆ. ಊಟ ವಸತಿ ಬೇರೆ. ನನ್ನದು ಬೇರೆ ಪರಿಸ್ಥಿತಿ, ಅಣ್ಣ ಇಲ್ಲಿ ಕೆಲಸದಲ್ಲಿದ್ದಾನೆ. ಅಡಿಕೆ ತೋಟ ಅಡವಿಟ್ಟು ಈ ಸಾಲಕ್ಕೆ ಕೈ ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಹಾಗಂತ ಈ ಬಾಗಿಲು ಮುಚ್ಚಿತು ಅಂತಲ್ಲ. ಅಲ್ಲೇ ಬಿವಿಎಸ್ಸಿ ಮುಗಿಸಿ, ಆಮೇಲೆ ಇಸಿಎಫ್‌ವಿಜಿ ಅಥವಾ ಪೇವ್ ಅನ್ನುವ ಪ್ರಮಾಣೀಕರಣ ಮುಗಿಸಿ, ನ್ಯಾವ್ಲಿ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾಗಿ ಇಲ್ಲಿ ವೈದ್ಯರಾದ ಭಾರತದವರು ಇದ್ದಾರೆ. ಅದೂ ವರ್ಷಗಟ್ಟಲೆ ಹಿಡಿಯುತ್ತದೆ, ಖರ್ಚೂ ಇದೆ, ಆದರೆ ಡಿವಿಎಂ ಶುಲ್ಕದ ಮುಂದೆ ಕಡಿಮೆ. ಇನ್ನೊಂದು ವಿಷಯ: ಇಲ್ಲಿ ಓದಿ ಊರಿಗೆ ಮರಳಿ ಕೆಲಸ ಮಾಡಬೇಕೆಂದಿದ್ದರೆ, ಆ ಕಾಲೇಜಿನ ಪದವಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಅನುಸೂಚಿಯಲ್ಲಿ ಇದೆಯಾ ಅಂತ ಸೇರುವ ಮೊದಲೇ ನೋಡಿ.

ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು: ಚಿಕಿತ್ಸೆಗೆ ದುಡ್ಡಿಲ್ಲದ ಮನೆಯವರು ಬಂದರೆ ಏನು ಮಾಡ್ತೀಯ? ನಾನು ಸಾಗರದ ಹತ್ತಿರ ಒಬ್ಬ ಡಾಕ್ಟರ ಜೊತೆ ಓಡಾಡುವಾಗ ಕಂಡದ್ದನ್ನೇ ಹೇಳಿದೆ. ಒಂದೇ ಹಸುವಿನ ಮನೆ, ಕೆಚ್ಚಲು ಬಾವು. ದುಬಾರಿ ಔಷಧಿ ಬರೆಯುವ ಮೊದಲು ಡಾಕ್ಟರು ಆ ಅಮ್ಮನಿಗೆ ದಿನಕ್ಕೆ ಎಷ್ಟು ಸಲ ಹಾಲು ಹಿಂಡಿ ಖಾಲಿ ಮಾಡಬೇಕು, ಹೇಗೆ ತೊಳೆಯಬೇಕು ಅಂತ ಕೂತು ತೋರಿಸಿದರು. ಆಸ್ಪತ್ರೆಯಲ್ಲಿದ್ದ ಔಷಧಿಯಲ್ಲೇ ಶುರು ಮಾಡಿದರು. ಮೂರನೇ ದಿನ ಮತ್ತೆ ಅವರೇ ಹೋಗಿ ನೋಡಿದರು. ಕೇಳಿದವರು ಆ ಮೂರನೇ ದಿನದ ಬಗ್ಗೆಯೇ ಜಾಸ್ತಿ ಪ್ರಶ್ನೆ ಕೇಳಿದರು.

ಹಾಲಿನ ಡೇರಿ, ಆನಂದಪುರ ಕಡೆ

ನಾನು ಓದಿದವನಲ್ಲ, ಹಾಲು ಸಂಘದ ಕಾರ್ಯದರ್ಶಿ. ಒಂದು ಮಾತು ಹೇಳಲೇಬೇಕು ಅನ್ನಿಸಿತು. ನಿಮ್ಮೂರಿನ ಹಾಲು ಸಂಘಕ್ಕೂ ಹೋಗಿ ಮಗಳೇ. ಯಾರ ಮನೆ ಹಸುವಿಗೆ ಏನಾಗಿದೆ ಅಂತ ಮೊದಲು ಗೊತ್ತಾಗುವುದು ನಮಗೆ. ನಿನ್ನೆ ಆರು ಲೀಟರ್ ತಂದವರು ಇವತ್ತು ನಾಲ್ಕು ತಂದರೆ, ಹಾಲು ಕಾಯಿಸಿದಾಗ ಒಡೆದರೆ, ಫ್ಯಾಟ್ ಒಮ್ಮೆಲೇ ಇಳಿದರೆ ನಾವು ಕೇಳುತ್ತೇವೆ, ಹಸು ಮೇವು ತಿಂತಾ ಇದೆಯಾ ಅಂತ. ನಮ್ಮ ಹಾಲು ಒಕ್ಕೂಟ ಶಿಮುಲ್‌ನ ಡಾಕ್ಟರು ಸಂಘಕ್ಕೆ ಬರುತ್ತಾರೆ, ಅವರ ಜೊತೆಯೂ ಮಾತಾಡಬಹುದು. ಹಾಲು ಅಳೆಯುವ ಹೊತ್ತಿಗೆ ಬಂದು ನಿಂತರೆ ಇಡೀ ಊರಿನ ಕೊಟ್ಟಿಗೆ ಸುದ್ದಿ ಸಿಗುತ್ತದೆ.

ಮಾಲತಿ ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಸಾಗರದ ಅಣ್ಣ ಹೇಳಿದ ದುಡ್ಡಿನ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಮೊದಲು ಇಲ್ಲಿನ ಸಿಇಟಿ, ನೀಟ್ ಎರಡನ್ನೂ ಇನ್ನೊಮ್ಮೆ ಬರೆಯೋದು ಅಂತ ನಿರ್ಧಾರ ಮಾಡಿದ್ದೇವೆ. ಡಿಗ್ರಿ ಬಿಡಲ್ಲ.

ಡಾಕ್ಟ್ರಮ್ಮ, ಇನ್ನೆರಡು ಅನುಮಾನ. ನೋಟ್‌ಬುಕ್ ಕನ್ನಡದಲ್ಲಿ ಬರೆದರೆ ಮುಂದೆ ತೊಂದರೆ ಆಗುತ್ತದಾ? ಮತ್ತೆ ರಾತ್ರಿ ಕೇಸಿಗೆ ಹೋಗೋದು ಬೇಡ ಅಂತ ಅಪ್ಪ ಹೇಳುತ್ತಾರೆ. ನೀವು ಶುರುವಿನಲ್ಲಿ ಹೇಗೆ ಮಾಡುತ್ತಿದ್ದಿರಿ?

ಡಾಕ್ಟ್ರಮ್ಮ, ಹೊಸನಗರ

ನಿರ್ಧಾರ ಸರಿಯಾಗಿದೆ. ಸೀಟು ಸಿಕ್ಕರೆ ಈ ಅನುಭವ ಮೊದಲ ದಿನದಿಂದ ಕೆಲಸಕ್ಕೆ ಬರುತ್ತದೆ, ಬೇರೆ ದಾರಿ ಹಿಡಿದರೆ ಅರ್ಜಿಗೆ ಆಗುತ್ತದೆ.

ನೋಟ್‌ಬುಕ್ ಕನ್ನಡದಲ್ಲೇ ಬರೆ. ಕೊಟ್ಟಿಗೆಯಲ್ಲಿ ನಿಂತು ಇಂಗ್ಲಿಷ್ ಪದ ಹುಡುಕುತ್ತಾ ಕೂತರೆ ಎದುರಿಗಿರುವುದು ತಪ್ಪಿಹೋಗುತ್ತದೆ. ತಾರೀಕು, ಯಾವ ಪ್ರಾಣಿ, ವಯಸ್ಸು, ಎಷ್ಟನೇ ಸೂಲು, ಮನೆಯವರು ಹೇಳಿದ್ದು, ಡಾಕ್ಟರು ಕಂಡದ್ದು, ಜ್ವರ ಎಷ್ಟು, ಏನು ಕೊಟ್ಟರು, ನೀನು ಏನು ಮಾಡಿದೆ. ಮನೆಯವರು ಹೇಳಿದ್ದನ್ನೂ ಡಾಕ್ಟರು ಕಂಡದ್ದನ್ನೂ ಬೆರೆಸಬೇಡ, ಎರಡು ಸಾಲು ಮಾಡು. "ನಿನ್ನೆಯಿಂದ ಮೇವು ತಿಂದಿಲ್ಲ" ಅನ್ನುವವರ ಹಸು ಎಷ್ಟೋ ಸಲ ನಾಲ್ಕು ದಿನದಿಂದ ತಿಂದಿರುವುದಿಲ್ಲ. ಮನೆಯವರ ಹೆಸರು ಬರೆಯಬೇಡ, ಊರು ಸಾಕು. ಗಂಟೆಯ ಲೆಕ್ಕ ಅದೇ ದಿನ ಬರೆದು, ತಿಂಗಳಿಗೊಮ್ಮೆ ಡಾಕ್ಟರ ಸಹಿ ಹಾಕಿಸು. ಪರೀಕ್ಷೆ ಮುಗಿದ ಬಿಡುವಿನಲ್ಲಿ ಮುಖ್ಯ ಕೇಸ್‌ಗಳನ್ನು ಇಂಗ್ಲಿಷಿಗೆ ಇಳಿಸಿಕೊ. ಮುಂದೆ ಪತ್ರ ಬರೆಯಬೇಕಾಗಿ ಬಂದರೆ ನಿನ್ನ ಡಾಕ್ಟರೂ ಅದೇ ನೋಟ್‌ಬುಕ್ ನೋಡಿಯೇ ಬರೆಯುವುದು. ಇಮೇಲ್ ಬಳಸಲು ಅವರಿಗೆ ಅಭ್ಯಾಸ ಇಲ್ಲದಿದ್ದರೆ ಈಗಲೇ ಕೂತು ತೋರಿಸಿಕೊಡು.

ಅಪ್ಪನ ಮಾತು ತೆಗೆದುಹಾಕಬೇಡ. ಕಲಿಯುವ ಸಮಯದಲ್ಲಿ ರಾತ್ರಿ ಕೇಸಿಗೆ ಹೋಗಲೇಬೇಕು ಅಂತೇನಿಲ್ಲ. ಆಸ್ಪತ್ರೆ, ಲಸಿಕೆ ಕ್ಯಾಂಪ್, ಹಾಲು ಸಂಘ ಇಷ್ಟರಲ್ಲೇ ಹಗಲೆಲ್ಲ ತುಂಬುತ್ತದೆ. ನನಗೆ ಶುರುವಿನಲ್ಲಿ ರಾತ್ರಿ ಕರೆ ಬಂದರೆ ಆಸ್ಪತ್ರೆಯ ಕಾಂಪೌಂಡರ್ ಅಣ್ಣ ಜೊತೆಗೆ ಬರುತ್ತಿದ್ದರು, ಕರೆದ ಮನೆಯಿಂದಲೇ ಯಾರಾದರೂ ರಸ್ತೆಯವರೆಗೆ ಬಂದು ನಿಲ್ಲುತ್ತಿದ್ದರು. ಮನೆಯ ಹೆಂಗಸರು ಬಿಸಿನೀರು ಕಾಯಿಸಿ, ಕೈ ತೊಳೆಯಲು ಸೋಪು ಹಿಡಿದು ನಿಂತಿರುತ್ತಿದ್ದರು. ಹೆಂಗಸು ಡಾಕ್ಟರ್ ಅಂತ ಮೊದಲು ಅನುಮಾನ ಪಟ್ಟವರೇ ಈಗ ಗಬ್ಬದ ದನ ತೋರಿಸಲು ನನ್ನನ್ನೇ ಕರೆಯುತ್ತಾರೆ. ಸಾಧ್ಯವಾದರೆ ಅಪ್ಪನನ್ನೂ ಒಂದು ದಿನ ನಿಮ್ಮ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗು, ಡಾಕ್ಟರ ಪರಿಚಯ ಆಗಲಿ.

ಸದ್ಯಕ್ಕೆ ಲಸಿಕೆ ಹಾಕಿಸಿಕೊಂಡು, ಗಂಬೂಟು ತೆಗೆದುಕೊ. ನಿಮ್ಮ ಸೆಮಿಸ್ಟರ್ ರಜೆ ಯಾವಾಗ ಅಂತ ಇಲ್ಲೇ ತಿಳಿಸು. ನಮ್ಮ ಕಡೆ ಮುಂದಿನ ಸುತ್ತಿನ ಕಾಲುಬಾಯಿ ಲಸಿಕೆ ಯಾವಾಗ ಅಂತ ಗೊತ್ತಾದ ಕೂಡಲೇ ಹೇಳುತ್ತೇನೆ. ನಿಮ್ಮ ತಾಲ್ಲೂಕಿನಲ್ಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಶುರುವಾಗುತ್ತದೆ.